ಅರ್ಧ ಸ್ವರದ ಅಳು

ಚಿತ್ರಸಂಗೀತದಲ್ಲಿ ನಗಿಸುವ ಹಾಡು, ಅಳಿಸುವ ಹಾಡು ಎಂದು ಎರಡು ಒಕ್ಕಲು. ಗಾಂಧಿನಗರದ ಮಾತಿನಲ್ಲಿ ಎರಡನೆಯದರ ಹೆಸರು ಪ್ಯಾಥೋಸ್. ಗ್ರೀಸಿನಿಂದ ಹೊರಟ ಈ ಪದ ಬೆಂಗಳೂರಿಗೆ ಬಂದು, ಬೈಟೂ ಕಾಫಿ ಕುಡಿದು, ಇಲ್ಲಿಯದೇ ಆಗಿಬಿಟ್ಟಿದೆ. ಮೊದಲನೆಯದಕ್ಕೆ ಇಂಥ ಒಂದು ಗಟ್ಟಿ ಹೆಸರಿಲ್ಲ. ಡ್ಯುಯೆಟ್, ಟಪಾಂಗುಚ್ಚಿ, ಹುಟ್ಟುಹಬ್ಬದ ಹಾಡು ಎಂದು ಸಂದರ್ಭ ನೋಡಿ ಕರೆಯುತ್ತಾರೆ. ಹುಟ್ಟುಹಬ್ಬದ ಹಾಡಿಗೆ ಪಿಯಾನೊ ಬೇಕು, ಬಂಗಲೆಯೊಳಗೆ ಮೆಟ್ಟಿಲು ಬೇಕು, ಮೆಟ್ಟಿಲ ಕೆಳಗೆ ಕೈಯಲ್ಲಿ ಗ್ಲಾಸು ಹಿಡಿದ ಖಳನಾಯಕನೂ ಬೇಕು.

ಈ ಎರಡು ಒಕ್ಕಲುಗಳ ನಡುವಿನ ದೂರವನ್ನು ಹಾರ್ಮೋನಿಯಂ ಮೇಲೆ ಅಳೆಯಬಹುದು. ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಬಿಳಿ ಮನೆಗಳಲ್ಲೇ ಸ, ರಿ, ಗ, ಪ, ದ ನುಡಿಸಿದರೆ ಮೋಹನ ರಾಗ. ಹಿಂದೂಸ್ತಾನಿಯವರಿಗೆ ಅದು ಭೂಪ್. ಪಾಠಕ್ಕೆ ಕೂತ ಮಕ್ಕಳು ಕಲಿಯುವ ಮೊದಮೊದಲ ಗೀತೆಗಳಲ್ಲಿ ಒಂದು ಇದೇ ರಾಗದ್ದು. ಮುಂಜಾವು, ಹಸಿರು ಹೊಲ, ಊರ ಜಾತ್ರೆ, ಎಲ್ಲದಕ್ಕೂ ಒಗ್ಗುವ ಬೆಳಕಿನ ರಾಗ. ಈಗ ಉಳಿದ ನಾಲ್ಕು ಸ್ವರಗಳ ತಂಟೆಗೆ ಹೋಗದೆ, ಗಾಂಧಾರದ ಮೇಲಿನ ಬೆರಳೊಂದನ್ನೇ ಎಡಪಕ್ಕದ ಕಪ್ಪು ಮನೆಗೆ ಸರಿಸಬೇಕು. ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂತು. ಮೋಹನ ಹೋಗಿ ಶಿವರಂಜನಿ ಬಂತು. ಜಾತ್ರೆಯಲ್ಲಿ ಮಗು ಕಳೆದುಹೋಯಿತು.

ಒಂದು ಬೆರಳು ಒಂದು ಅಂಗುಲವೂ ಸರಿಯದೆ ಆಗುವ ಅನಾಹುತ ಇದು. ‘ಮೇರಾ ನಾಮ್ ಜೋಕರ್’ (1970) ಚಿತ್ರದ ವಿದೂಷಕ ತನ್ನ ಹಳೆಯ ದಿನಗಳನ್ನು ನೆನೆದು ಹಾಡುವಾಗ ಶಂಕರ್-ಜೈಕಿಶನ್ ಅವನ ಕೈಗೆ ಕೊಟ್ಟದ್ದು ಶಿವರಂಜನಿಯನ್ನೇ. ‘ಮೆಹಬೂಬಾ’ (1976) ಚಿತ್ರದಲ್ಲಿ ಜನ್ಮಾಂತರದ ವಿರಹಕ್ಕೆ ಆರ್.ಡಿ. ಬರ್ಮನ್ ಹಿಡಿದದ್ದೂ ಇದೇ ರಾಗವನ್ನು. ಭರತನ ನಾಟ್ಯಶಾಸ್ತ್ರವಂತೂ ಯಾವ ಸ್ವರ ಯಾವ ರಸಕ್ಕೆ ಎಂದು ಆಸ್ತಿ ಪಾಲು ಮಾಡಿದಂತೆ ಹಂಚಿಟ್ಟಿದೆ. ಶೃಂಗಾರ, ಹಾಸ್ಯಗಳಿಗೆ ಮಧ್ಯಮ ಪಂಚಮ. ವೀರ, ರೌದ್ರ, ಅದ್ಭುತಗಳಿಗೆ ಷಡ್ಜ ಋಷಭ. ಭಯಾನಕ, ಬೀಭತ್ಸಗಳಿಗೆ ಧೈವತ. ಕರುಣಕ್ಕೆ ಗಾಂಧಾರ ನಿಷಾದ. ಭರತನ ಗಾಂಧಾರವನ್ನು ಇಂದಿನ ಹಾರ್ಮೋನಿಯಂ ಮನೆಯಲ್ಲಿ ಹುಡುಕಲು ಹೊರಟರೆ ವಿದ್ವಾಂಸರು ಬೈಯುತ್ತಾರೆ. ಆದರೂ ಅಳುವಿನ ಖಾತೆ ಅಂದಿನಿಂದಲೂ ಗಾಂಧಾರದ ಹೆಸರಿನಲ್ಲೇ ಇದೆ ಎಂಬುದು ಸುಮ್ಮನೆ ಬಿಡುವ ವಿಷಯವಲ್ಲ.

ಹಾಗೆಂದು ರಾಗ ತಾನೊಂದೇ ಅಳಿಸುವುದಿಲ್ಲ. ಶಿವರಂಜನಿಯನ್ನು ಢೋಲಕ್ಕಿನ ಮೇಲೆ ಕೂರಿಸಿ ಓಡಿಸಿದರೆ ದಿಬ್ಬಣದವರು ಕರವಸ್ತ್ರ ಬೀಸಿ ಕುಣಿಯುತ್ತಾರೆ. ಲಯದ ಪಾತ್ರ ರಾಗಕ್ಕಿಂತ ದೊಡ್ಡದೆಂದೇ ಹೇಳಬೇಕು. ದುಃಖದಲ್ಲಿರುವವರ ಮಾತು ನಿಧಾನ, ದನಿ ತಗ್ಗು, ನಡುನಡುವೆ ಉಸಿರು ಕಟ್ಟುತ್ತದೆ. ಖುಷಿಯಲ್ಲಿರುವವರು ಗಡಿಬಿಡಿಯಲ್ಲಿ, ಏರುದನಿಯಲ್ಲಿ ಮಾತಾಡುತ್ತಾರೆ. ಹಾಡು ಅದನ್ನೇ ಅನುಕರಿಸುತ್ತದೆ.

ಇದಕ್ಕೆ ‘ಕಸ್ತೂರಿ ನಿವಾಸ’ (1971) ಚಿತ್ರಕ್ಕಿಂತ ಒಳ್ಳೆಯ ಪಾಠ ಕನ್ನಡದಲ್ಲಿಲ್ಲ. ಎಷ್ಟು ಸಲ ಬೀಳಿಸಿದರೂ ತಾನೇ ಎದ್ದು ನಿಲ್ಲುವ ಗೊಂಬೆಯ ಮೇಲೆ ಚಿ. ಉದಯಶಂಕರ್ ಬರೆದ ಹಾಡು ಅದರಲ್ಲಿ ಎರಡು ಬಾರಿ ಬರುತ್ತದೆ. ಜಿ.ಕೆ. ವೆಂಕಟೇಶ್ ಅವರ ಮಟ್ಟು ಎರಡು ಸಲವೂ ಅದೇ. ಕಂಠ ಮಾತ್ರ ಮೊದಲ ಸಲ ಪಿ.ಬಿ. ಶ್ರೀನಿವಾಸ್ ಅವರದು, ಕೊನೆಯ ಸಲ ಸ್ವತಃ ವೆಂಕಟೇಶ್ ಅವರದು. ಮೊದಲ ಸಲ ಗೊಂಬೆ ತೂಗುತ್ತದೆ, ತಾಳ ನಡಿಗೆಯ ವೇಗದಲ್ಲಿ ಸಾಗುತ್ತದೆ, ಚಿತ್ರಮಂದಿರದಲ್ಲಿ ಕಡಲೆಕಾಯಿ ಸಿಪ್ಪೆಯ ಸದ್ದೂ ಜೊತೆಗೂಡುತ್ತದೆ. ಕೊನೆಯಲ್ಲಿ ಸಾಹಿತ್ಯ ಬದಲಾಗಿ, ವೇಗ ಇಳಿದು, ದನಿ ಎದೆಯ ತಳದಿಂದ ಬರುವಾಗ ಸಿಪ್ಪೆಯ ಸದ್ದು ನಿಲ್ಲುತ್ತದೆ. ದಾನ ಮಾಡುತ್ತಲೇ ಬರಿದಾದ ಬೆಂಕಿಪೊಟ್ಟಣದ ಧಣಿಗಾಗಿ ಮೂರು ತಲೆಮಾರಿನ ಕನ್ನಡಿಗರು ಮೂಗು ಒರೆಸಿಕೊಂಡಿದ್ದಾರೆ. ಎರಡನೆಯ ಸಲದ ಅಳುವಿನಲ್ಲಿ ಅರ್ಧ ಪಾಲು ಮೊದಲ ಸಲದ ನಗುವಿನದು. ಮೊದಲು ನಗಿಸಿದ ಮಟ್ಟು ಕಿವಿಯಲ್ಲಿ ಇರದಿದ್ದರೆ ಕೊನೆಯದು ಇನ್ನೊಂದು ನಿಧಾನದ ಹಾಡು, ಅಷ್ಟೆ. ಈ ಉಪಾಯವನ್ನು ಆಮೇಲೆ ಬಂದವರು ಎಷ್ಟು ತೇಯ್ದರೆಂದರೆ, ಚಿತ್ರದ ಮೊದಲ ಹತ್ತು ನಿಮಿಷದಲ್ಲಿ ಅಣ್ಣ ತಂಗಿ ಕೂಡಿ ಹಾಡಿದರೆ ಸಾಕು, ಯಾರೋ ಒಬ್ಬರು ಉಳಿಯುವುದಿಲ್ಲ ಎಂದು ಹಿಂದಿನ ಸಾಲಿನ ಅಜ್ಜಿ ಗಟ್ಟಿಯಾಗಿಯೇ ಹೇಳುತ್ತಿದ್ದರು.

ವಾದ್ಯಗಳಿಗೂ ಪಾತ್ರ ಹಂಚಿಕೆ ಉಂಟು. ಅಕಾರ್ಡಿಯನ್ ಎಂದರೆ ಕಾರಿನ ಪ್ರಯಾಣ, ಸಂತೂರ್ ಎಂದರೆ ನೀರು ಅಥವಾ ನಾಯಕಿಯ ಮೊದಲ ನೋಟ, ಹತ್ತಾರು ಪಿಟೀಲು ಒಟ್ಟಿಗೆ ನಡುಗಿದರೆ ಟೆಲಿಗ್ರಾಂ. ಕೊಳಲು ಎರಡು ಕಡೆಗೂ ಸಲ್ಲುತ್ತದೆ: ಬೆಳಗ್ಗೆ ದನಗಳೊಂದಿಗೆ, ರಾತ್ರಿ ವಿರಹದೊಂದಿಗೆ. ಇವರಲ್ಲಿ ವಿಚಿತ್ರ ಪಾಡು ಶಹನಾಯಿಯದು. ಹುಟ್ಟಿನಿಂದ ಅದು ಮಂಗಳವಾದ್ಯ, ಸಿನಿಮಾದಲ್ಲಿ ಮಾತ್ರ ಮಧ್ಯಂತರಕ್ಕೆ ಮೊದಲು ಮದುವೆ, ಮಧ್ಯಂತರದ ಬಳಿಕ ಸಾವು. ಉತ್ತರ ಕರ್ನಾಟಕದವರು ಸನಾದಿ ಎನ್ನುವ ಈ ವಾದ್ಯಕ್ಕೆ ಕನ್ನಡದಲ್ಲಿ ಒಂದು ಇಡೀ ಚಿತ್ರವೇ ಮೀಸಲಾಯಿತು. ‘ಸನಾದಿ ಅಪ್ಪಣ್ಣ’ (1977) ಚಿತ್ರದಲ್ಲಿ ತೆರೆಯ ಮೇಲೆ ಊದಿದವರು ರಾಜ್‌ಕುಮಾರ್, ತೆರೆಯ ಹಿಂದೆ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಎಸ್. ಜಾನಕಿಯವರ ಕಂಠಕ್ಕೂ ಖಾನ್ ಸಾಹೇಬರ ಉಸಿರಿಗೂ ಅಲ್ಲಿ ನಡೆದ ಸಂವಾದ ಕೇಳಿದವರಿಗೆ ಅದು ಸಂತೋಷವೋ ಸಂಕಟವೋ ತೀರ್ಮಾನಿಸಲು ಆಗುವುದಿಲ್ಲ. ಆಗದಿರುವುದೇ ಸರಿ.

ಮದುವೆ ಮನೆಯ ಗಟ್ಟಿಮೇಳಕ್ಕೂ ಇದೇ ಗತಿ. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಪಶಕುನದ ಮಾತು ಕೇಳಿಸದಿರಲಿ ಎಂದು ವಾಲಗದವರು ಜೋರಾಗಿ ಬಾರಿಸುತ್ತಾರೆ. ಸಿನಿಮಾದಲ್ಲಿ ನಾಯಕಿಗೆ ಬೇರೆಯವನೊಂದಿಗೆ ತಾಳಿ ಬೀಳುವಾಗಲೂ ಅದೇ ಡೋಲು, ಅದೇ ನಾಗಸ್ವರ. ಒಂದು ಸ್ವರವೂ ಬದಲಾಗಿಲ್ಲ. ಬದಲಾಗಿರುವುದು ಕ್ಯಾಮೆರಾ ನಿಂತ ಜಾಗ. ಕಂಬದ ಹಿಂದೆ ನಿಂತ ನಾಯಕನ ಮುಖ ತೋರಿಸಿದ ಕೂಡಲೇ ಗಟ್ಟಿಮೇಳ ಪ್ಯಾಥೋಸ್ ಆಗುತ್ತದೆ.

ಈ ಲೆಕ್ಕಾಚಾರ ನಡೆಯುವ ಜಾಗಕ್ಕೆ ಚಿತ್ರರಂಗದವರು ರೀ-ರೆಕಾರ್ಡಿಂಗ್ ಎನ್ನುತ್ತಾರೆ. ಕನ್ನಡ ಚಿತ್ರಗಳಿಗೆ ಬಹುಕಾಲ ಈ ಕೆಲಸ ನಡೆದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಕತೆಯ ತಲೆಬುಡ ಗೊತ್ತಿಲ್ಲದ ವಾದ್ಯಗಾರರು ಎದುರಿನ ಹಾಳೆ ನೋಡಿ ನುಡಿಸಿ, ಇಲ್ಲಿ ಒಂದು ಜಿಲ್ಲೆಯಷ್ಟು ಜನರನ್ನು ಅಳಿಸಿ, ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಅದಕ್ಕೂ ಹಿಂದೆ ಈ ಕೆಲಸ ಕಂಪನಿ ನಾಟಕದ ಪೇಟಿ ಮಾಸ್ತರರದು. 1934ರ ‘ಸತಿ ಸುಲೋಚನ’ ಚಿತ್ರದ ನಟರಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಬಂದದ್ದೂ ರಂಗಭೂಮಿಯಿಂದಲೇ. ಕಂಪನಿ ನಾಟಕದಲ್ಲಿ ಶೋಕದ ಹಾಡು ಮುಗಿಸಿ ಪ್ರಾಣ ಬಿಟ್ಟ ಪಾತ್ರಧಾರಿ, ಪ್ರೇಕ್ಷಕರು ‘ವನ್ಸ್ ಮೋರ್’ ಎಂದರೆ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿದ್ದನೆಂದು ಹಳಬರು ಹೇಳುತ್ತಾರೆ. ದುಃಖವನ್ನು ಕೇಳಿ ಖುಷಿಪಡುವುದು ಹೇಗೆ ಎಂಬ ಪ್ರಶ್ನೆಗೆ ಕಾವ್ಯಮೀಮಾಂಸಕರು ಗ್ರಂಥಗಟ್ಟಲೆ ಬರೆದಿದ್ದಾರೆ. ಗ್ಯಾಲರಿಯವರು ಎರಡು ಪದದಲ್ಲಿ ಮುಗಿಸಿದ್ದರು.

ಗ್ಯಾಲರಿಯ ಆ ಗುಣ ಹೋಗಿಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಅತಿ ಹೆಚ್ಚು ಶಿಳ್ಳೆ ಬೀಳುವುದು ಪ್ಯಾಥೋಸ್ ಹಾಡಿಗೆ. ರಾತ್ರಿ ಬಸ್ಸಿನ ಚಾಲಕ ನಿದ್ದೆ ಬಾರದಿರಲೆಂದು ಹಾಕುವುದೂ ವಿರಹಗೀತೆಯನ್ನೇ. ನಿದ್ದೆ ಬಾರದೆ ಹೋಗುವುದು ಪ್ರಯಾಣಿಕರಿಗೆ. ಬ್ಯಾಂಡ್ ಸೆಟ್ಟಿನವರಿಗೆ ಮಟ್ಟು ಮುಖ್ಯ, ಸಾಹಿತ್ಯ ಗೌಣ. ಹೀಗಾಗಿ ವರಪೂಜೆಯ ಮೆರವಣಿಗೆಯಲ್ಲಿ ಕೈಕೊಟ್ಟ ಪ್ರೇಯಸಿಯ ಹಾಡು ಟ್ರಂಪೆಟ್ಟಿನಲ್ಲಿ ಮೊಳಗುತ್ತದೆ, ಕುದುರೆಯ ಮೇಲಿನ ವರ ಗಂಭೀರನಾಗುತ್ತಾನೆ, ಮುಂದೆ ಕುಣಿಯುವವರಿಗೆ ಅದರ ಗೊಡವೆಯಿಲ್ಲ.

ಹೊಸ ಕಾಲದಲ್ಲಿ ಎರಡು ಒಕ್ಕಲುಗಳ ನಡುವಿನ ಬೇಲಿಯೇ ಸಡಿಲಾಗಿದೆ. ಮನೋಮೂರ್ತಿಯವರ ಸಂಗೀತದ ‘ಮುಂಗಾರು ಮಳೆ’ (2006) ಬಂದ ಮೇಲೆ ಪ್ರೀತಿ ಸಿಕ್ಕಿದವನೂ ಮಳೆಯಲ್ಲಿ ನೆನೆಯುತ್ತಾನೆ, ಸಿಗದವನೂ ನೆನೆಯುತ್ತಾನೆ, ಇಬ್ಬರೂ ಒಂದೇ ಬಗೆಯ ಮೆಲುದನಿಯಲ್ಲಿ ಹಾಡುತ್ತಾರೆ. ಆ ಚಿತ್ರಕ್ಕೆ ಅದು ಹೊಂದಿತು. ನಕಲು ಮಾಡಿದವರಿಗೆ ದಕ್ಕಿದ್ದು ನೆಗಡಿ ಮಾತ್ರ.

ಮನೆಯ ಅಟ್ಟದ ಮೇಲೆ ಹಾರ್ಮೋನಿಯಂ ಇರುವ ಓದುಗರು ಅದನ್ನು ಇಳಿಸಿ, ಧೂಳು ಒರೆಸಿ, ಬಿಳಿ ಒಂದರಿಂದ ಸ ರಿ ಗ ಪ ದ ನುಡಿಸಿ ನೋಡಬಹುದು. ನಾಲ್ಕು ಸುತ್ತು ಆದ ಮೇಲೆ ಯಾರಿಗೂ ಹೇಳದೆ ಗಾಂಧಾರವನ್ನು ಕಪ್ಪು ಮನೆಗೆ ಇಳಿಸಬೇಕು. ಅಡುಗೆಮನೆಯಿಂದ ‘ಏನ್ರೀ, ಏನಾಯ್ತು?’ ಎಂಬ ದನಿ ಬಂದರೆ ಶಿವರಂಜನಿ ಸರಿಯಾಗಿ ನುಡಿದಿದೆ ಎಂದು ತಿಳಿಯಬೇಕು.