ವರದಮೂಲದ ಗಂಡು ಸೊಸೆ

ನಮ್ಮ ಸಾಗರದ ಕಡೆ ಅಡಿಕೆ ತೋಟದ ಮಾಣಿಗೆ ಹೆಣ್ಣು ಸಿಗುವುದೆಂದರೆ ಕೊಳೆರೋಗವಿಲ್ಲದ ಮಳೆಗಾಲ ಸಿಕ್ಕ ಹಾಗೆ. ಮೂವತ್ತಾರನೇ ವಯಸ್ಸಿಗೆ ನನಗೂ ಸಿಕ್ಕಿತು. ಷರತ್ತು ಒಂದೇ: ಹುಡುಗಿ ನಮ್ಮೂರು ವರದಮೂಲಕ್ಕೆ ಬರುವುದಿಲ್ಲ, ನಾನೇ ಜರ್ಮನಿಗೆ ಹೋಗಬೇಕು. ತೋಟವನ್ನೂ ಹೆಣ್ಣು ಹುಡುಕುವ ಕಷ್ಟವನ್ನೂ ತಮ್ಮನಿಗೆ ಒಪ್ಪಿಸಿ ವಿಮಾನ ಹತ್ತಿದೆ. ಹೆಂಡತಿಗೆ ನುರಿತ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಇದ್ದುದರಿಂದ ಗಂಡನಿಗೆ ಜರ್ಮನ್ ಭಾಷೆಯ ಪರೀಕ್ಷೆ ಮಾಫಿ. ಮುಂದಿನ ಅನಾಹುತಗಳಿಗೆಲ್ಲ ಆ ಮಾಫಿಯೇ ಮೂಲ.

ಸ್ಟುಟ್‌ಗಾರ್ಟ್‌ನಲ್ಲಿ ಬೆಳಗಾದರೆ ಅವಳು ಆಫೀಸಿಗೆ, ನಾನು ಅಡುಗೆಮನೆಗೆ. ಊರಲ್ಲಿ ಕುಡಿದ ಲೋಟ ತೊಳೆದವನಲ್ಲ ನಾನು. ಇಲ್ಲಿ ಕಸಕ್ಕೇ ನಾಲ್ಕು ಡಬ್ಬಿ: ಕಾಗದಕ್ಕೊಂದು, ಸಿಪ್ಪೆಗೊಂದು, ಪ್ಲಾಸ್ಟಿಕ್ಕಿಗೊಂದು, ಉಳಿದದ್ದಕ್ಕೊಂದು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಕಣ್ಣಳತೆಯಲ್ಲೇ ಅಡಿಕೆ ವಿಂಗಡಿಸುವ ನಾನು ಒಂದು ಟೀ ಬ್ಯಾಗಿನ ಮುಂದೆ ಸೋತೆ. ಅದರೊಳಗೆ ಸೊಪ್ಪು, ಹೊರಗೆ ಕಾಗದ, ನಡುವೆ ದಾರ!

ಗೆದ್ದದ್ದು ಬಾಟಲಿಯಲ್ಲಿ ಮಾತ್ರ. ಅಂಗಡಿಯ ಮಶೀನಿನ ಬಾಯಿಗೆ ಖಾಲಿ ನೀರಿನ ಬಾಟಲಿ ಕೊಟ್ಟರೆ ಒಂದಕ್ಕೆ 25 ಸೆಂಟಿನ ಲೆಕ್ಕದಲ್ಲಿ ಚೀಟಿ ಬರುತ್ತದೆ. ಎಂಟು ಬಾಟಲಿಗೆ ಎರಡು ಯೂರೋ ಬಂತು. ನನ್ನ ಮೊದಲ ವಿದೇಶಿ ಸಂಪಾದನೆ! ರೂಪಾಯಿಗೆ ಲೆಕ್ಕ ಹಾಕಿ ಊರಿಗೆ ಫೋನ್ ಮಾಡಿದೆ. ಬಾಟಲಿಯ ಸುದ್ದಿ ಮಾತ್ರ ಎತ್ತಲಿಲ್ಲ.

ಒಂದು ಭಾನುವಾರ ಹೆಂಡತಿ ನನ್ನನ್ನು ಡೊನಾವೆಷಿಂಗೆನ್‌ಗೆ ಕರೆದೊಯ್ದಳು. ಅಲ್ಲಿ ಅರಮನೆಯ ಪಕ್ಕದ ದುಂಡು ಕೊಳವೇ ಡ್ಯಾನ್ಯೂಬ್ ನದಿಯ ಮೂಲವಂತೆ. ಸಮುದ್ರಕ್ಕೆ 2840 ಕಿಲೋಮೀಟರ್ ಎಂದು ಅಲ್ಲೇ ಕೆತ್ತಿದ್ದಾರೆ. ನಿಜವಾದ ಮೂಲ ತಮ್ಮ ಕಡೆ ಎಂದು ಫುರ್ಟ್‌ವಾಂಗೆನ್‌ನವರ ತಕರಾರು ಬೇರೆ! ಕೊಳದ ಮೇಲೆ ತಾಯಿಯೊಬ್ಬಳು ಮಗಳಾದ ಡ್ಯಾನ್ಯೂಬಿಗೆ ದಾರಿ ತೋರಿಸುವ ಶಿಲ್ಪವಿದೆ, ಥೇಟ್ ಮದುಮಗಳನ್ನು ಕಳಿಸಿಕೊಡುವ ಅಮ್ಮ. ನನ್ನ ಕರುಳು ಚುರ್ ಎಂದಿತು. ನಮ್ಮೂರಲ್ಲಿ ಹುಟ್ಟುವ ವರದಾ ನದಿಯೂ ಅಷ್ಟೇ, ಬನವಾಸಿ ಬಳಸಿ ಗಳಗನಾಥದಲ್ಲಿ ತುಂಗಭದ್ರೆಯ ಮನೆ ಸೇರುತ್ತಾಳೆ. ಸೇರಿದ ಮೇಲೆ ಅವಳ ಹೆಸರೂ ಉಳಿಯುವುದಿಲ್ಲ.

ಅಮ್ಮ ಕಟ್ಟಿಕೊಟ್ಟಿದ್ದ ವರದಮೂಲದ ತೀರ್ಥದ ಬಾಟಲಿ ಚೀಲದಲ್ಲೇ ಇತ್ತು. ನದಿಗೆ ನದಿಯ ಪರಿಚಯ ಮಾಡಿಸೋಣವೆಂದು ಕಟಾಂಜನಕ್ಕೆ ಬಗ್ಗಿ ಸುರಿಯತೊಡಗಿದೆ. ಹಿಂದಿನಿಂದ ಒಬ್ಬ ಅಜ್ಜಿ ಗದರಿದರು. ನನಗೆ ಬರುವ ಜರ್ಮನ್ ಒಂದೇ ಶಬ್ದ, "ಡಾಂಕೆ", ಎಂದರೆ ಧನ್ಯವಾದ. ಅದನ್ನೇ ನಗುನಗುತ್ತ ಹೇಳಿದೆ. ಅಜ್ಜಿಯ ದನಿ ಏರಿತು. ನಾನು ಕೈಮುಗಿದು ಇನ್ನೊಂದು ಡಾಂಕೆ ಸೇರಿಸಿದೆ. ಹೆಂಡತಿ ಆಗಲೇ ಇಪ್ಪತ್ತು ಹೆಜ್ಜೆ ದೂರ, ನನ್ನ ಗುರುತೇ ಇಲ್ಲದವಳಂತೆ ಚರ್ಚಿನ ಗೋಪುರ ನೋಡುತ್ತಿದ್ದಳು.

ಮರುದಿನ ಖಾಲಿ ಬಾಟಲಿಗಳ ಜೊತೆ ಆ ತೀರ್ಥದ ಬಾಟಲಿಯೂ ಮಶೀನಿಗೆ ಹೋಯಿತು. ಮಶೀನು ಹೊರಗುಗುಳಿತು. ಒರೆಸಿ ಕೊಟ್ಟೆ, ಉಗುಳಿತು. ತಿರುಗಿಸಿ ಕೊಟ್ಟೆ, ಮತ್ತೆ ಉಗುಳಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಮೈಮೇಲೆ ಇಲ್ಲಿನ ಗುರುತಿಲ್ಲದ ಬಾಟಲಿ ಅದಕ್ಕೆ ಬೇಡವಂತೆ. ತಳದಲ್ಲಿ ಎರಡು ಗುಟುಕು ವರದೆ ಇನ್ನೂ ಕುಲುಕುತ್ತಿದ್ದಳು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕಷ್ಟವೆಲ್ಲ ತೋಡಿಕೊಂಡೆ. ಅಮ್ಮ ಹೊಸನಗರದಿಂದ ಹದಿನೆಂಟಕ್ಕೇ ಈ ಮನೆಗೆ ಬಂದವಳು. ಪೂರ್ತಿ ಕೇಳಿ, "ಯಂಗೆ ಇಲ್ಲಿ ಉಪ್ಪಿನ ಮರಿಗೆ ಎಲ್ಲಿದ್ದು ಹೇಳಿ ಗೊತ್ತಪ್ಪಲೇ ಆರು ತಿಂಗಳು ಬೇಕಾತು. ಫೋನೂ ಇರ್ಲಿಲ್ಲೆ. ಅದಿರ್ಲಿ, ಉಂಡ್ಯನಾ ಅಪ್ಪೀ?" ಎಂದಳು.

ಬಾಟಲಿಯನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಮಶೀನಿಗೆ ಬೇಡವಾದ ನಾವಿಬ್ಬರೂ ಸದ್ಯ ಅಡುಗೆಮನೆಯಲ್ಲೇ ಇದ್ದೇವೆ.