ಬಳ್ಳಾರಿ ಕಡಲತೀರ ಛಾಯಾಮೀಮಾಂಸೆ

ಪೂರ್ವಪಕ್ಷ ಹೀಗಿದೆ: ಬಳ್ಳಾರಿಗೆ ಕಡಲಿಲ್ಲ. ಆದಕಾರಣ ಇಲ್ಲಿನ ಕ್ಯಾಮೆರಾಧಾರಿಗಳು ಸಾಲುರಜೆ ಬಂತೆಂದರೆ ಗೋಕರ್ಣಕ್ಕೋ ಮಲ್ಪೆಗೋ ಓಡಬೇಕು; ಎಲ್ಲರೂ ತೆಗೆದ ಸೂರ್ಯಾಸ್ತವನ್ನೇ ತಾವೂ ತೆಗೆದು, ಲೆನ್ಸಿಗೆ ಮರಳು ಹೊಗಿಸಿಕೊಂಡು ಮರಳಬೇಕು.

ಸಿದ್ಧಾಂತಿಗಳು ಇದನ್ನು ಒಪ್ಪುವುದಿಲ್ಲ. ಬಳ್ಳಾರಿ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿದೆ. ಅರ್ಧ ಕಿಲೋಮೀಟರಿಗೆ ಕೊಂಚ ಕಮ್ಮಿ. ಇಲ್ಲದ ವಸ್ತುವಿನಿಂದ ಎತ್ತರ ಅಳೆಯಲಾದೀತೆ? ಆದ್ದರಿಂದ ಕಡಲಿದೆ, ಸ್ವಲ್ಪ ಕೆಳಗಿದೆ, ಅಷ್ಟೆ. (ಊರಿಗೆ ಬೀಚ್ ಇಲ್ಲವೆಂದು ಕೊರಗುವವರಿಗೆ, ಅವಿಭಜಿತ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯಸಾಹಿತಿ ರಾಯಸಂ ಭೀಮಸೇನರಾಯರು ಸ್ವತಃ ‘ಬೀಚಿ’ ಆಗಿ ಆ ಕೊರತೆ ನೀಗಿಸಿದ್ದಾರೆ.)

ಭರತ-ಇಳಿತದ ಅಧ್ಯಯನಕ್ಕೆ ಸಿರುಗುಪ್ಪಕ್ಕೇ ಹೋಗಬೇಕು. ಮಲ್ಪೆಯಲ್ಲಿ ನೀರಿನ ಏರಿಳಿತ ಚಂದ್ರನ ಕೈಯಲ್ಲಿದೆ; ತುಂಗಭದ್ರೆಯ ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಯಲ್ಲಿ ಅದು ನೀರಾವರಿ ಸಲಹಾ ಸಮಿತಿಯ ಕೈಯಲ್ಲಿದೆ. ಸಭೆ ಸೇರಿ ನೀರು ಬಿಟ್ಟರೆ ಭರತ, ಬಂದ್ ಮಾಡಿದರೆ ಇಳಿತ. ಚಂದ್ರನಿಗೆ ಯಾರೂ ಮನವಿ ಪತ್ರ ಕೊಡುವುದಿಲ್ಲ, ಇಷ್ಟೇ ವ್ಯತ್ಯಾಸ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮಾತ್ರ ಯಾವ ಸಭೆಯ ನಡಾವಳಿಗೂ ಕಾಯದೆ ನದಿಯಲ್ಲಿ ಭರತ ಬಂತು.

ಇನ್ನು ಉಪ್ಪು. ಅದೂ ಇದೆ. ಜೋಳ, ಹತ್ತಿಯಂಥ ಬೆಳೆಗೆಂದು ಲೆಕ್ಕ ಹಾಕಿದ ನೀರಿನಲ್ಲಿ ಭತ್ತ ಬೆಳೆದರು. ಎರೆಮಣ್ಣಿನಲ್ಲಿ ನೀರು ಬಸಿಯದೆ ನಿಂತಿತು, ಒಳಗಿದ್ದ ಲವಣ ಮೇಲೆದ್ದಿತು. ಬೇಸಿಗೆಯಲ್ಲಿ ಸವಳು ಹೊಲಗಳ ಮೈಮೇಲೆ ಬಿಳಿ ಹಕ್ಕಳೆ ಏಳುತ್ತದೆ. ನೆಲಕ್ಕೆ ಕೂತು, ಬೆಳಗಿನ ಓರೆಬಿಸಿಲಿನಲ್ಲಿ ತೆಗೆದರೆ ಸಾಣಿಕಟ್ಟಾದ ಉಪ್ಪಿನ ಆಗರಕ್ಕೂ ಇದಕ್ಕೂ ಭೇದ ಕಾಣದು. ಹೊಲದ ಯಜಮಾನ ಫ್ರೇಮಿನೊಳಗೆ ಬಂದರೆ ನಗಲು ಹೇಳಬಾರದು, ಇದು ಶಾಸ್ತ್ರನಿಯಮ.

ಟ್ರಾಲರ್ ಬೆನ್ನಟ್ಟುವ ಕಡಲಹಕ್ಕಿಗಳೆಲ್ಲಿ ಎಂದರೆ, ನಾಟಿಗೆ ಮುಂಚೆ ಗದ್ದೆಗೆ ಬನ್ನಿ. ಕಬ್ಬಿಣದ ಗಾಲಿಯ ಟ್ರ್ಯಾಕ್ಟರ್ ಕೆಸರು ಕಲಸುತ್ತ ಹೋಗುತ್ತದೆ. ಹಿಂದೆ ಹಿಂಡು ಬೆಳ್ಳಕ್ಕಿ, ಮಗುಚಿದ ಮಣ್ಣಿನಿಂದ ಹುಳ ಹೆಕ್ಕುತ್ತ, ಗಾಲಿ ಸಮೀಪಿಸಿದರೆ ಗೇಣಷ್ಟೇ ಹಾರಿ ಮತ್ತೆ ಕೂರುತ್ತ. ಇಲ್ಲೊಂದು ಗಂಡಾಂತರವಿದೆ. ಕರಿ ಕೆಸರು ಕಂಡ ಕ್ಯಾಮೆರಾ ಕತ್ತಲಾಯಿತೆಂದು ಬೆದರಿ ಬೆಳಕು ಹೆಚ್ಚಿಸುತ್ತದೆ. ಹಕ್ಕಿಯ ಗರಿಗಳೆಲ್ಲ ಕರಗಿ ಸುಣ್ಣದ ಮುದ್ದೆಯಾಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸತಕ್ಕದ್ದು.

ನೌಕಾವಿಚಾರ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಯಸ್ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಹರಿಗೋಲೇ. ದೋಣಿ ಸಾಗುವ ಕಡೆ ಚೌಕಟ್ಟಿನಲ್ಲಿ ಜಾಗ ಬಿಡಬೇಕೆಂದು ಛಾಯಾಗ್ರಹಣದ ಪಾಠ ಹೇಳುತ್ತದೆ. ಹರಿಗೋಲಿಗೆ ಮುಂದು ಯಾವುದು, ಹಿಂದು ಯಾವುದು? ಪಾಠ ನಡುನೀರಿನಲ್ಲಿ ಗಿರಕಿ ಹೊಡೆಯುತ್ತದೆ.

ಕುರುಗೋಡು ಪಂಥದವರದು ಉಗ್ರವಾದ. ಕಡಲತೀರಕ್ಕೆ ನೀರೇ ಬೇಡ, ಬಂಡೆ ಸಾಕು ಎಂಬುದು ಅವರ ಮತ. ಊರಿನ ಗುಡ್ಡಗಳ ಗ್ರಾನೈಟ್ ಗುಂಡುಗಳನ್ನು ತೋರಿಸಿ, ಅಲೆ ಹಿಂದೆ ಸರಿದಿದೆ, ಬರುವತನಕ ಕಾಯಿರಿ ಎನ್ನುತ್ತಾರೆ. ಏಪ್ರಿಲ್ ಮಧ್ಯಾಹ್ನ ಹಾಗೆ ಕಾದರೆ ಮೊದಲು ಮೊಬೈಲೇ ಬಿಸಿಯಾಗಿ ಕ್ಯಾಮೆರಾ ಬಂದ್ ಮಾಡಿಕೊಳ್ಳುತ್ತದೆ.

ಬಂಡೆವಾದಕ್ಕೆ ಪುರಾತತ್ವದ ಬೆಂಬಲವೂ ಉಂಟು. ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪ್ಪಗಲ್ಲಿನ ಹಿರೇಗುಡ್ಡದ ಕುಟ್ಟುಚಿತ್ರಗಳ ಬಗ್ಗೆ 1892ರಲ್ಲಿ ಫ್ರೆಡ್ ಫಾಸೆಟ್ ಬರೆದ, ಫೋಟೋಗಳೂ ಆದವು. ಕಾಲಾಂತರದಲ್ಲಿ ಫೋಟೋಗಳು ಮಾಸಿದವು. ಸಾವಿರಾರು ವರ್ಷದ ಹಿಂದೆ ಕಲ್ಲಿನಿಂದ ಕಲ್ಲು ಕುಟ್ಟಿ ಮೂಡಿಸಿದ ಗೂಳಿಗಳು ಮಾಸಲಿಲ್ಲ. ಮೆಮೊರಿ ಕಾರ್ಡಿಗಿಂತ ಡಾಲರೈಟ್ ಶಿಲೆಯೇ ವಾಸಿ, ಜಲ್ಲಿ ಒಡೆಯುವವರು ಬರುವತನಕ.

ಪಂಡಿತರಲ್ಲಿ ಒಂದು ಸಂಗತಿ ಇನ್ನೂ ತೀರ್ಮಾನವಾಗಿಲ್ಲ. ಬೀಚೆಂದರೆ ಚುರುಮುರಿ ಇರಲೇಬೇಕೆಂದು ಗೋಕರ್ಣ ಕಂಡುಬಂದವರ ಪಟ್ಟು. ಒಗ್ಗರಣಿ ಮಂಡಾಳು, ಜೊತೆಗೆ ಬಿಸಿ ಮಿರ್ಚಿ ಇದ್ದರೂ ಲಕ್ಷಣ ಪೂರೈಸುತ್ತದೆಂದು ಸಿರುಗುಪ್ಪದವರ ವಾದ. ಕುರುಗೋಡಿನವರು ಬಾಯಲ್ಲಿ ಮಿರ್ಚಿ ಇದ್ದುದರಿಂದ ಅಭಿಪ್ರಾಯ ಕೊಟ್ಟಿಲ್ಲ.