ಉಳಿತಾಯದ ಕಾರು

ಇಂಗ್ಲೆಂಡಿನ ಕವೆಂಟ್ರಿ, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಗಳಂಥ ಹಳೆಯ ಕಾರ್ಖಾನೆ ಊರುಗಳ ಬಡಾವಣೆಗಳಲ್ಲಿ, ಮನೆಗೆ ಹೊಂದಿಕೊಂಡ ಗ್ಯಾರೇಜಿನಲ್ಲಿ ಕಾರನ್ನು ನಿಲ್ಲಿಸದೆ ಕಾರನ್ನೇ ಕಟ್ಟುತ್ತ ಕೂರುವ ಗೃಹಸ್ಥರ ಒಂದು ವರ್ಗವಿದೆ. ಸಮಾಜಶಾಸ್ತ್ರಜ್ಞರು ಇವರ ಕಡೆಗೆ ತಕ್ಕಷ್ಟು ಗಮನ ಹರಿಸದಿರುವುದಕ್ಕೆ, ವಿಚಾರಿಸಲು ಹೋದವರ ಕೈಗೆ ಇವರು ಒಂದು ಸ್ಪ್ಯಾನರ್ ಕೊಟ್ಟು ‘ಸ್ವಲ್ಪ ಆ ತುದಿ ಹಿಡಿದುಕೊಳ್ಳಿ’ ಎಂದುಬಿಡುವುದೇ ಕಾರಣವಿರಬೇಕು. ಕಿಟ್ ಕಾರು ಎಂದರೆ ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಫೈಬರ್‌ಗ್ಲಾಸಿನ ಹೊದಿಕೆ, ಒಂದಿಷ್ಟು ಪಟ್ಟಿ ಮತ್ತು ಕೊಂಡಿಗಳನ್ನು ಸಣ್ಣ ಕಂಪನಿಯೊಂದರಿಂದ ಪೆಟ್ಟಿಗೆಗಳಲ್ಲಿ ತರಿಸಿಕೊಂಡು, ಉಳಿದ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಬ್ರೇಕುಗಳನ್ನು ಹಳೆಯದೊಂದು ಕಾರಿನಿಂದ ಬಿಚ್ಚಿ ತಂದು, ಮನೆಯಲ್ಲೇ ಜೋಡಿಸಿಕೊಳ್ಳುವ ವಾಹನ. ಹೀಗೆ ತನ್ನ ಅಂಗಾಂಗಗಳನ್ನು ಒಪ್ಪಿಸಿ ಗುಜರಿ ಸೇರುವ ಹಳೆಯ ಕಾರಿಗೆ ದಾನಿ ಕಾರು ಎನ್ನುತ್ತಾರೆ. ಕಟ್ಟುವಾತನಿಗೆ ಸಾಮಾನ್ಯವಾಗಿ ಐವತ್ತರ ಆಸುಪಾಸು. ಸಾಲ ತೀರಿದ ಮನೆ, ಬೆಳೆದ ಮಕ್ಕಳು, ಕೈಯಲ್ಲೊಂದಿಷ್ಟು ಹಣ ಎಲ್ಲವೂ ಇದ್ದು, ಷೋರೂಮಿಗೆ ಹೋಗಿ ಸ್ಪೋರ್ಟ್ಸ್ ಕಾರು ಕೊಳ್ಳುವ ಶಕ್ತಿಯುಳ್ಳ ಈತ ಹಾಗೆ ಕೊಂಡವರನ್ನು ನಿಜವಾದ ಕನಿಕರದಿಂದ ನೋಡುತ್ತಾನೆ. ಪರಿಚಯವಾದ ಮೊದಲ ಐದು ನಿಮಿಷದಲ್ಲೇ ಈತನ ಬಾಯಿಂದ ‘ಇದರಲ್ಲಿ ಅಂಥ ಖರ್ಚೇನೂ ಇಲ್ಲ’ ಎಂಬ ವಾಕ್ಯ ಬರುತ್ತದೆ, ಮತ್ತು ಈತನ ಸಮಸ್ತ ವ್ಯಕ್ತಿತ್ವವೂ ಆ ಒಂದು ವಾಕ್ಯವನ್ನು ಸಾಧಿಸಲು ನಡೆಸುವ ಹೋರಾಟವಾಗಿದೆ.

ಈ ಮಾತಿಗೆ ಚರಿತ್ರೆಯ ಆಧಾರ ಇಲ್ಲದಿಲ್ಲ. ಎರಡನೆಯ ಮಹಾಯುದ್ಧದ ಅನಂತರದ ಬ್ರಿಟನ್ನಿನಲ್ಲಿ ಸಂಪೂರ್ಣವಾಗಿ ಸಿದ್ಧಗೊಂಡ ಹೊಸ ಕಾರಿನ ಮೇಲೆ ‘ಪರ್ಚೇಸ್ ಟ್ಯಾಕ್ಸ್’ ಎಂಬ ಭಾರಿ ಖರೀದಿ ತೆರಿಗೆಯಿದ್ದು, ಬಿಡಿಭಾಗಗಳಾಗಿ ಮಾರಿದ ಕಾರಿಗೆ ಅದರಿಂದ ವಿನಾಯಿತಿ ಇತ್ತು. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ‘ಸೆವೆನ್’ ಎಂಬ ಎರಡು ಸೀಟಿನ, ಬಾಗಿಲೂ ಇಲ್ಲದ ಪುಟ್ಟ ಕಾರು ಇಂಥ ಪೆಟ್ಟಿಗೆ ವ್ಯಾಪಾರದಿಂದಲೇ ಹೆಸರಾಯಿತು. ಜೋಡಿಸುವ ವಿಧಾನವನ್ನು ಬರೆದುಕೊಟ್ಟರೆ ಅದು ಸಿದ್ಧ ಕಾರೆನಿಸಿ ತೆರಿಗೆಗೆ ಸಿಕ್ಕೀತೆಂದು, ಚಾಪ್‌ಮನ್ ಬಿಚ್ಚುವ ವಿಧಾನವನ್ನು ಬರೆದುಕೊಟ್ಟು, ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುವ ಹೊಣೆಯನ್ನು ಗಿರಾಕಿಗೆ ಬಿಟ್ಟನೆಂಬುದು ಈ ವಲಯದಲ್ಲಿ ಎಲ್ಲರೂ ಹೇಳುವ ಕಥೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿಗೆ ಇಷ್ಟು ಶುದ್ಧವಾದ ಯಾಂತ್ರಿಕ ಉದಾಹರಣೆ ಬೇರೆಲ್ಲೂ ಸಿಗಲಾರದು. 1973ರ ಏಪ್ರಿಲ್ 1ರಂದು ಖರೀದಿ ತೆರಿಗೆ ಹೋಗಿ ಅದರ ಜಾಗಕ್ಕೆ ಮೌಲ್ಯವರ್ಧಿತ ತೆರಿಗೆ ಬಂದು, ಪೆಟ್ಟಿಗೆಯಲ್ಲಿ ಬಂದ ಕಾರಿಗಿದ್ದ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕುಗಳು ಲೋಟಸ್‌ನಿಂದ ಕೇಟರ್‌ಹ್ಯಾಮ್ ಎಂಬ ಸಣ್ಣ ಸಂಸ್ಥೆಗೆ ದಾಟಿದವು. ತೆರಿಗೆ ಹೋದ ಮೇಲೆ ಅದನ್ನು ತಪ್ಪಿಸಿಕೊಳ್ಳುವವರೂ ಹೋಗಬೇಕಿತ್ತೆಂಬುದು ಅರ್ಥಶಾಸ್ತ್ರದ ನಿರೀಕ್ಷೆ. ಆದರೆ ಅರ್ಥಶಾಸ್ತ್ರಕ್ಕೆ ಮನುಷ್ಯ ಗೊತ್ತು, ಗ್ಯಾರೇಜು ಗೊತ್ತಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಕೇವಲ 250 ಪೌಂಡಿನಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಬಹುದೆಂದು ತಲೆಬರಹದಲ್ಲೇ ಸಾರುವ ಪುಸ್ತಕವೊಂದನ್ನು ಬರೆದು ಈ ಉಳಿತಾಯದ ನಂಬಿಕೆಗೆ ಮರುಜೀವ ಕೊಟ್ಟರು. ಅದನ್ನು ಓದಿದವರಲ್ಲಿ 250 ಪೌಂಡಿಗೆ ಮುಗಿಸಿದವರಿಗಿಂತ 250 ಪೌಂಡಿನಿಂದ ಆರಂಭಿಸಿದವರೇ ಹೆಚ್ಚೆಂದು ಧೈರ್ಯವಾಗಿ ಹೇಳಬಹುದು.

ಹಿಂದಿನ ತಲೆಮಾರಿನ ದಾನಿಗಳೆಂದರೆ ಫೋರ್ಡ್ ಕಂಪನಿಯ ಎಸ್ಕಾರ್ಟ್, ಕಾರ್ಟಿನಾ, ಸಿಯೆರಾಗಳು. ಅವುಗಳಲ್ಲಿ ಬದುಕಿ ಉಳಿದವು ಈಗ ಹಳೆಯ ಕಾರಿನ ಮೋಹಿಗಳ ಕೈಗೆ ಸೇರಿ ದುಬಾರಿಯಾಗಿರುವುದರಿಂದ, ಇಂದಿನ ಗೃಹಸ್ಥನ ಕಣ್ಣು 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಜಪಾನಿನ ಮಾಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಕಾರಿನ ಮೇಲಿದೆ. ಉದ್ದಕ್ಕೆ ಕೂರಿಸಿದ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ, ನಾಲ್ಕೂ ಚಕ್ರಗಳನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಡಬಲ್ ವಿಷ್‌ಬೋನ್ ಸಸ್ಪೆನ್ಶನ್. ಇಷ್ಟು ಸಾಲದೆಂಬಂತೆ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಬಿಗಿಯಾಗಿ ಕೂಡಿಸುವ ಅಲ್ಯೂಮಿನಿಯಂ ತೊಲೆಯೊಂದಿದ್ದು, ಮೈಯನ್ನು ಎತ್ತಿಬಿಟ್ಟರೆ ಕೆಳಗಿನ ಯಂತ್ರಭಾಗವೆಲ್ಲ ಒಂದೇ ತುಂಡಾಗಿ ಚಕ್ರಗಳ ಮೇಲೆ ನಿಂತಿರುತ್ತದೆ. ಸ್ಟುವರ್ಟ್ ಮಿಲ್ಸ್ ಎಂಬ ವಿನ್ಯಾಸಕಾರರ ‘ಎಕ್ಸೊಸೆಟ್’ ಎಂಬ ಕಿಟ್ ಹುಟ್ಟಿದ್ದೇ ಈ ಅನುಕೂಲದಿಂದ: ಹಳೆಯ ಮೈ ತೆಗೆದು ಕೊಳವೆಗಳ ಹೊಸ ಪಂಜರವನ್ನು ಇಳಿಸಿದರೆ ಕಾರು ಮುಗಿಯಿತೆಂಬುದು ಅದರ ತತ್ತ್ವ. ‘ಮುಗಿಯಿತು’ ಎಂಬುದನ್ನು ಇಲ್ಲಿ ತತ್ತ್ವಶಾಸ್ತ್ರದ ಅರ್ಥದಲ್ಲೇ ತೆಗೆದುಕೊಳ್ಳಬೇಕು.

ಎಂಎಕ್ಸ್-5 ದಾನಿಯಾಗಲು ಅದರ ಗುಣಗಳಿಗಿಂತಲೂ ಅದರ ರೋಗವೇ ಹೆಚ್ಚು ಕಾರಣವೆಂಬುದನ್ನು ಗಮನಿಸಬೇಕು. ಬಟ್ಟೆಯ ಮಡಿಸುವ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಎರಡು ಕಿಂಡಿಗಳ ಮೂಲಕ ಕೆಳಗಿಳಿಯುವ ಏರ್ಪಾಡಿದ್ದು, ಎಲೆ ಕಸ ಸೇರಿ ಅವು ಕಟ್ಟಿಕೊಂಡಾಗ ನೀರು ಬಾಗಿಲಿನ ಅಡಿಯಲ್ಲಿ ಉದ್ದಕ್ಕೂ ಹಾಯುವ ‘ಸಿಲ್’ ಎಂಬ ಪೊಳ್ಳು ಪೆಟ್ಟಿಗೆಯೊಳಗೆ ನಿಂತು, ಹೊರಗಿನ ಬಣ್ಣ ಮಿರಮಿರ ಮಿಂಚುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತ ಬರುತ್ತದೆ. ಎಂಜಿನ್ ಗಟ್ಟಿಮುಟ್ಟಾಗಿದ್ದರೂ ‘ಎಂಒಟಿ’ ಎಂಬ ವಾರ್ಷಿಕ ಕಡ್ಡಾಯ ತಪಾಸಣೆಯಲ್ಲಿ ಸಿಲ್ ತೂತಾದ ಕಾರು ನಪಾಸಾಗುತ್ತದೆ. ವೆಲ್ಡಿಂಗ್ ಮಾಡಿಸಹೊರಟರೆ ಮೂಗಿಗಿಂತ ಮೂಗುತಿ ಭಾರ. ಒಡೆಯ ತಲೆಯ ಮೇಲೆ ಕೈಹೊತ್ತು ಕೂತ ಆ ಗಳಿಗೆಯಲ್ಲಿ ನಮ್ಮ ಗೃಹಸ್ಥ ಅವನ ಮನೆ ಬಾಗಿಲಲ್ಲಿ ಪ್ರತ್ಯಕ್ಷನಾಗಿ, ಮಂಡಿಯೂರಿ, ಹಿಂದಿನ ಚಕ್ರದ ಮುಂಭಾಗದ ಸಿಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಠಣ್ಣೆಂದರೆ ಲೋಕದ ಉಳಿದೆಲ್ಲ ಗಿರಾಕಿಗಳಿಗೆ ಸಂತೋಷ, ಈತನಿಗೆ ವ್ಯಸನ. ಬೊದ್ದೆಂದು ಸದ್ದಡಗಿ ಬಣ್ಣದ ಹಕ್ಕಳೆಯೊಂದು ಉದುರಿದರೆ ಈತನ ಮುಖದಲ್ಲಿ ಕಳೆ ಏರುತ್ತದೆ, ಏಕೆಂದರೆ ಚೌಕಾಶಿ ಅಲ್ಲಿಂದ ಆರಂಭ. ಮಾರುವವನಿಗೆ ‘ಅಯ್ಯೋ ಪಾಪ’ ಎನ್ನುವ ಸೌಜನ್ಯವನ್ನು ಮಾತ್ರ ಈತ ಎಂದೂ ಮರೆಯುವುದಿಲ್ಲ.

ಬಿಚ್ಚುವ ಕೆಲಸ ಮೊದಲ ವಾರಾಂತ್ಯದಲ್ಲಿ ಹಬ್ಬದ ಉತ್ಸಾಹದಿಂದ ನಡೆಯುತ್ತದೆ. ಸೀಟು, ಬಾಗಿಲು, ಬಾನೆಟ್ಟುಗಳೆಲ್ಲ ಕಳಚಿಕೊಂಡ ಮೇಲೆ ಹಿಂದಿನ ಕೆಳತೋಳಿನ ಉದ್ದನೆಯ ಬೋಲ್ಟಿನ ಸರದಿ. ಚಕ್ರದ ಓರೆಯನ್ನು ಹೊಂದಿಸಲೆಂದು ಕೇಂದ್ರ ತಪ್ಪಿಸಿ ಮಾಡಿದ ಬಿಲ್ಲೆಯುಳ್ಳ ಈ ಬೋಲ್ಟು ರಬ್ಬರಿನ ಬುಷ್ಷಿನೊಳಗಿರುವ ಉಕ್ಕಿನ ಕೊಳವೆಯ ಮೂಲಕ ಹಾದುಹೋಗುತ್ತದೆ. ಹಿಮ ಕರಗಲೆಂದು ಇಂಗ್ಲೆಂಡಿನ ರಸ್ತೆಗಳಿಗೆ ಚಳಿಗಾಲದಲ್ಲಿ ಚೆಲ್ಲುವ ಉಪ್ಪನ್ನು ವರ್ಷಗಟ್ಟಲೆ ಉಂಡು, ಬೋಲ್ಟೂ ಕೊಳವೆಯೂ ಅದ್ವೈತ ಸಾಧಿಸಿಕೊಂಡಿರುತ್ತವೆ. ಈತ ಮೊದಲು ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡುತ್ತಾನೆ, ಮರುದಿನ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಅದರ ಮೇಲೆ ಮೈಭಾರ ಬಿಡುತ್ತಾನೆ, ಆಮೇಲೆ ಸುತ್ತಿಗೆ, ಆಮೇಲೆ ಬೆಂಕಿಯ ಉರಿ. ರಬ್ಬರು ಹೊತ್ತಿಕೊಂಡು ಕಪ್ಪು ಹೊಗೆ ಬೇಲಿ ದಾಟಿ, ಪಕ್ಕದ ಮನೆಯಾಕೆ ಒಣಹಾಕಿದ ಬಟ್ಟೆಗಳನ್ನು ತುಟಿ ಬಿಗಿಹಿಡಿದು ಒಳಗೆ ಒಯ್ದ ಬಳಿಕ, ಯಾವುದನ್ನು ಮೊದಲ ಗಂಟೆಯಲ್ಲೇ ಮಾಡಬಹುದಿತ್ತೋ ಆ ಗರಗಸದ ಕೆಲಸಕ್ಕೆ ಈತ ಇಳಿಯುತ್ತಾನೆ. ಎರಡು ತುಂಡಾದ ಬೋಲ್ಟನ್ನು ಎಸೆಯುತ್ತಾನೆಂದು ಭಾವಿಸಿದರೆ ಅದು ಈ ವರ್ಗದ ಬಗೆಗಿನ ಅಜ್ಞಾನ. ಅವೆರಡೂ ಪ್ಲಾಸ್ಟಿಕ್ ಚೀಲವೊಂದಕ್ಕೆ ಸೇರಿ, ‘ಹಿಂದೆ, ಎಡ, ಕೆಳಗೆ, ಕೆಲಸಕ್ಕೆ ಬಾರದು’ ಎಂಬ ಚೀಟಿ ಅಂಟಿಸಿಕೊಂಡು ಕಪಾಟಿನಲ್ಲಿ ಕೂರುತ್ತವೆ.

ಚೀಟಿಗಳ ವಿಷಯ ಬಂದಾಗ ವೈರಿಂಗಿನ ಮಾತನ್ನೂ ಆಡಲೇಬೇಕು. ಕಾರಿನ ಉದ್ದಗಲಕ್ಕೆ ಹರಡಿದ ತಂತಿಗಳ ಇಡೀ ಕಂತೆಗೆ ‘ಲೂಮ್’ ಎಂದು ಹೆಸರು. ಹೊಸ ಕಾರಿನಲ್ಲಿ ರೇಡಿಯೊ ಇಲ್ಲ, ವಿದ್ಯುತ್ ಕಿಟಕಿ ಇಲ್ಲ, ಹಲವು ಬಾರಿ ಕಿಟಕಿಯೇ ಇಲ್ಲವಾದ್ದರಿಂದ ಬೇಡದ ತಂತಿಗಳನ್ನು ಕತ್ತರಿಸಿ ಲೂಮನ್ನು ಸಪೂರಗೊಳಿಸುವುದು ವಾಡಿಕೆ. ಈತ ಊಟದ ಮೇಜಿನ ಮೇಲೆ ಅದನ್ನು ಹರಡಿ, ಪ್ರತಿ ತುದಿಗೂ ಕಾಗದದ ಟೇಪು ಸುತ್ತಿ ತನಗೆ ಅಂದು ಸ್ಪಷ್ಟವಾಗಿದ್ದ ಅರ್ಥವನ್ನು ಬರೆಯುತ್ತಾನೆ. ಎರಡು ಚಳಿಗಾಲಗಳ ನಂತರ ಅದನ್ನು ಕೈಗೆತ್ತಿಕೊಂಡಾಗ ‘ಇದಲ್ಲ, ಇನ್ನೊಂದು’ ಎಂಬ ಒಕ್ಕಣೆ ಮೂರು ಬೇರೆ ಬೇರೆ ತುದಿಗಳಲ್ಲಿ ಕಂಡುಬರುತ್ತದೆ.

ಈತನ ಪ್ರತಿಭೆ ಪೂರ್ಣವಾಗಿ ಅರಳುವುದು ಯಂತ್ರದಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ. ದಾನಿ ಕಾರಿನಿಂದ ಉಳಿದ ಸೀಟು, ಬಾಗಿಲು, ದೀಪ, ಗಟ್ಟಿ ಛಾವಣಿಗಳನ್ನು ಒಂದೊಂದಾಗಿ ಮಾರಿ, ಬಂದ ಹಣವನ್ನು ಕೊಂಡ ಬೆಲೆಯಿಂದ ಕಳೆಯುತ್ತ ಹೋಗಿ, ಕಡೆಗೊಂದು ಶುಭದಿನ ‘ದಾನಿ ಕಾರು ಬಿಟ್ಟಿಯಾಗಿ ಬಂದಂತಾಯಿತು’ ಎಂದು ಈತ ಘೋಷಿಸುವುದು ಸುಳ್ಳೇನಲ್ಲ. ಜಾಣನಾದವನಿಗೆ ಇದು ಸಾಧ್ಯವಿದೆ. ಆದರೆ ಆ ಬಿಟ್ಟಿ ಎಂಜಿನ್ನನ್ನು ಎತ್ತಲು ಕೊಂಡ ಕ್ರೇನು, ವೆಲ್ಡಿಂಗ್ ಯಂತ್ರ, ಎರಡನೆಯ ವೆಲ್ಡಿಂಗ್ ಯಂತ್ರ ಇವೆಲ್ಲ ಈತನ ದೃಷ್ಟಿಯಲ್ಲಿ ಆಸ್ತಿಯೇ ಹೊರತು ಖರ್ಚಲ್ಲ. ಹೊಸ ಬ್ರೇಕು, ಹೊಸ ಬುಷ್ಷುಗಳು ಸುರಕ್ಷತೆಯ ವಿಷಯವಾದ್ದರಿಂದ ಅವನ್ನು ಹಣದ ಮಾತಿನಲ್ಲಿ ಅಳೆಯುವುದೇ ಅನಾಗರಿಕ. ಸ್ವಂತ ದುಡಿಮೆಗೆ ಬೆಲೆ ಕಟ್ಟುವ ಪ್ರಶ್ನೆ ಏಳುವುದಿಲ್ಲ. ಮಳೆಗೆ ಹೊರಗೆ ನಿಂತು ಬಣ್ಣ ಮಾಸುತ್ತಿರುವ ಮನೆಯ ನಿತ್ಯದ ಕಾರಿನ ನಷ್ಟ ಯಾವ ಕಾಲಮ್ಮಿಗೂ ಸೇರುವುದಿಲ್ಲ. ‘ಒಟ್ಟು ಎಷ್ಟಾಯಿತು?’ ಎಂದು ಹೆಂಡತಿ ಕೇಳಿದರೆ, ‘ಯಾವುದರದ್ದು?’ ಎಂಬ ಮರುಪ್ರಶ್ನೆಯಿಂದ ಹೊತ್ತು ಗಳಿಸುತ್ತಾನೆ. ಆಕೆ ಆ ವೇಳೆಗೆ ಕೇಳುವುದನ್ನು ಬಿಟ್ಟು, ಮನೆ ಬಾಗಿಲಿಗೆ ಬರುವ ಪೆಟ್ಟಿಗೆಗಳ ತೂಕದಿಂದಲೇ ಮೊತ್ತವನ್ನು ಅಂದಾಜಿಸುವ ಸಾಮರ್ಥ್ಯ ಗಳಿಸಿರುತ್ತಾಳೆ, ಮತ್ತು ಆಕೆಯ ಅಂದಾಜು ಈತನ ಪುಸ್ತಕಕ್ಕಿಂತ ಸತ್ಯಕ್ಕೆ ಹತ್ತಿರವಿರುತ್ತದೆ.

ಪ್ರತಿ ವರ್ಷ ಮೇ ತಿಂಗಳ ಆರಂಭದಲ್ಲಿ ವಾರಿಕ್‌ಷೈರಿನ ಸ್ಟೋನ್ಲಿ ಎಂಬಲ್ಲಿ ಕಿಟ್ ಕಾರುಗಳ ಜಾತ್ರೆ ನೆರೆಯುವುದುಂಟು. ಅಲ್ಲಿ ಈ ವರ್ಗದವರು ಪರಸ್ಪರ ಮುಖ ನೋಡುವುದಕ್ಕೆ ಮುಂಚೆ ಪರಸ್ಪರರ ಕಾರಿನ ಅಡಿ ನೋಡುತ್ತಾರೆ. ಕಾರು ಮುಗಿಸಿದವನಿಗೆ ಅಲ್ಲಿ ಗೌರವವಿದೆ, ಆದರೆ ಜನ ಸೇರುವುದು ಮುಗಿಸದವನ ಸುತ್ತ. ಮುಗಿದ ಕಾರಿಗೆ ಸಲಹೆ ಕೊಡಲು ಬರುವುದಿಲ್ಲವಷ್ಟೆ. ಇಂಥ ಜಾತ್ರೆ ನಮ್ಮಲ್ಲಿ ನೆರೆಯುವುದು ಕಷ್ಟ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆದಿದ್ದು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿರುವುದರಿಂದ, ಕರ್ನಾಟಕದಲ್ಲಿ ಇದೇ ಪ್ರಕೃತಿಯವರು ಭಾನುವಾರ ಬೆಳಗ್ಗೆ ಹಳೆಯ ಬುಲೆಟ್ಟಿನ ಕಾರ್ಬುರೇಟರ್ ಬಿಚ್ಚಿ ಜೋಡಿಸಿ ಸಮಾಧಾನಪಟ್ಟುಕೊಳ್ಳಬೇಕಾಗಿದೆ.

ಬ್ರಿಟನ್ನಿನಲ್ಲಿಯೂ ಕಟ್ಟಿದ್ದೆಲ್ಲ ರಸ್ತೆಗಿಳಿಯಲು ಬಿಡುವುದಿಲ್ಲ. ಹಿಂದಿನ ಪರೀಕ್ಷೆಯ ಜಾಗದಲ್ಲಿ 2009ರಿಂದ ಜಾರಿಗೆ ಬಂದ ‘ಐವಿಎ’, ಅಂದರೆ ಒಂದೊಂದೇ ವಾಹನವನ್ನು ಬಿಡಿಯಾಗಿ ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ತಪಾಸಣೆಯಲ್ಲಿ ಅದು ಪಾಸಾಗಬೇಕು. ದಾರಿಹೋಕರಿಗೆ ತಾಗುವ ಅಂಚುಗಳು ಹರಿತವಾಗಿರಕೂಡದೆಂದು, ಪರೀಕ್ಷಕರು 100 ಮಿಲಿಮೀಟರ್ ವ್ಯಾಸದ ಗೋಳವೊಂದನ್ನು ಕಾರಿನ ಮೈಮೇಲೆ ಆಡಿಸಿ, ಅದು ಮುಟ್ಟಿದ ಕಡೆಯ ಅಂಚಿನ ದುಂಡನೆ 2.5 ಮಿಲಿಮೀಟರಿಗೆ ಕಡಿಮೆಯಿಲ್ಲವೆಂದು ಖಾತ್ರಿಪಡಿಸಿಕೊಳ್ಳುತ್ತಾರೆ. ತೆರೆದ ಚಕ್ರ, ಹೊರಚಾಚಿದ ತೋಳು, ಕಣ್ಣಿಗೆ ಕಾಣುವ ನಟ್ಟು ಬೋಲ್ಟುಗಳೇ ಸೌಂದರ್ಯವಾದ ಈ ಕಾರಿನ ಪ್ರತಿ ಬೋಲ್ಟಿನ ತಲೆಗೂ ಈತ ಪ್ಲಾಸ್ಟಿಕ್ ಟೋಪಿ ತೊಡಿಸಿ, ಪ್ರತಿ ಅಂಚಿಗೂ ರಬ್ಬರಿನ ಪಟ್ಟಿ ಮೆತ್ತಿ ಕರೆದೊಯ್ಯುತ್ತಾನೆ. ಪಾಸಾದ ಸಂಜೆ ಅವುಗಳಲ್ಲಿ ಬಹುಪಾಲು ಕಳಚಿಕೊಳ್ಳುತ್ತವೆಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಸಂಗತಿ. ತಿರುವಿನಲ್ಲಿ ಕೈಬಿಟ್ಟರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಬೇಕೆಂಬ ನಿಯಮ ಅನೇಕರನ್ನು ಕೆಡವುತ್ತದೆ, ಏಕೆಂದರೆ ಒಂದು ಟನ್ನಿಗೆ ತುಸು ಕಡಿಮೆಯಿರುವ ದಾನಿ ಕಾರಿನ ಭಾರಕ್ಕೆ ಹೊಂದಿಸಿದ ಚಕ್ರದ ಕೋನಗಳು ಅದರ ಮುಕ್ಕಾಲು ಭಾಗವೂ ತೂಗದ ಹೊಸ ಕಾರಿಗೆ ಒಗ್ಗುವುದಿಲ್ಲ. ಇದಾದ ಮೇಲೆ ನೋಂದಣಿ. ಒಂದೇ ದಾನಿಯಿಂದ ಎರಡು ಮುಖ್ಯ ಭಾಗಗಳು ಬಂದಿವೆಯೆಂದು ತೋರಿಸಿದರೆ ಆ ದಾನಿಯ ವಯಸ್ಸಿಗೆ ತಕ್ಕ ನಂಬರು ಸಿಗುತ್ತದೆ. ತೋರಿಸಲಾಗದಿದ್ದರೆ ಹುಟ್ಟಿನ ಕಾಲ ತಿಳಿಯದ ವಾಹನಗಳಿಗೆ ಮೀಸಲಾದ ‘ಕ್ಯೂ’ ಅಕ್ಷರದ ನಂಬರು. ಕುಲಗೋತ್ರಗಳ ಗೊಡವೆಯೇ ತನಗಿಲ್ಲವೆಂದು ಸಾರುವ ಉದಾರಿಯೂ ಈ ಒಂದು ಅಕ್ಷರವನ್ನು ತಪ್ಪಿಸಿಕೊಳ್ಳಲು ದಾನಿಯ ಹಳೆಯ ದಾಖಲೆ ಪತ್ರಗಳನ್ನು ಬೀರುವಿನ ಒಳಖಾನೆಯಲ್ಲಿ ಬೀಗ ಹಾಕಿ ಇಟ್ಟಿರುತ್ತಾನೆ.

ಕಡೆಗೂ ಕಾರು ರಸ್ತೆಗಿಳಿದಾಗ ಅದು ನಿಜಕ್ಕೂ ವೇಗವಾಗಿ ಓಡುತ್ತದೆ, ತಿರುವಿನಲ್ಲಿ ರಸ್ತೆ ಕಚ್ಚಿ ಹಿಡಿಯುತ್ತದೆ, ಮತ್ತು ಛಾವಣಿ ಇಲ್ಲದ್ದರಿಂದ ವರ್ಷದಲ್ಲಿ ಕೆಲವೇ ವಾರ ಹೊರಬರುತ್ತದೆ. ಇಷ್ಟನ್ನು ಕೈಯಾರೆ ಮಾಡಿದವನ ಕೌಶಲಕ್ಕೆ ತಲೆಬಾಗದವರು ಯಂತ್ರವನ್ನೇ ಅರಿಯದವರು. ಆದರೆ ಮಾರಲು ಹೊರಟ ದಿನ, ಎಷ್ಟೇ ಚೆನ್ನಾಗಿ ಕಟ್ಟಿದ್ದರೂ, ಅದಕ್ಕೆ ಹಾಕಿದ ಬಿಡಿಭಾಗಗಳ ಹಣ ಹುಟ್ಟುವುದು ಅಪರೂಪ. ಆದ್ದರಿಂದ ಇಂಗ್ಲೆಂಡಿನಲ್ಲಿ ನೆಲೆಸಿ, ನೆರೆಮನೆಯ ಈ ಗೃಹಸ್ಥನ ಮಾತು ಕೇಳಿ ಮನಸ್ಸು ಅತ್ತ ವಾಲಿದ ಕನ್ನಡಿಗರು, ನಿಜವಾಗಿ ಉಳಿತಾಯವೇ ಉದ್ದೇಶವಾಗಿದ್ದರೆ, ಬೇರೊಬ್ಬ ಕಟ್ಟಿ ಮುಗಿಸಿ ಪರೀಕ್ಷೆಯನ್ನೂ ದಾಟಿಸಿದ ಕಾರನ್ನು ನೋಂದಣಿ ಪತ್ರ ನೋಡಿಕೊಂಡು ಕೊಳ್ಳುವುದೇ ಮೇಲು. ಅಂಥ ಕಾರನ್ನು ನೆರೆಮನೆಯಾತ ಎಷ್ಟು ಅಗ್ಗಕ್ಕೆ ಸಿಕ್ಕರೂ ತಾನು ಕೊಳ್ಳುವುದಿಲ್ಲ.